ಟಿ.ವಿ.ಗೆ ಹೋದ ಬಕೆಟ್ಟು

ನಮ್ಮ ಮನೆಯ ಸಾಂಬಾರಿನ ಬಕೆಟ್ಟು ಈಗ ಟಿ.ವಿ.ಯಲ್ಲಿ ಬರುತ್ತಿದೆ. ನೀವು ನಗಬಹುದು, ನಾನೂ ನಗುತ್ತಲೇ ಬರೆಯುತ್ತಿದ್ದೇನೆ. ಸ್ಟೀಲಿನ ಬಕೆಟ್ಟು, ಹಿಡಿಕೆಯ ಬುಡದಲ್ಲಿ ಒಂದು ತಗ್ಗು. ಆ ತಗ್ಗು ಬೀಳಿಸಿದ್ದು ಯಾರು ಎಂಬ ಬಗ್ಗೆ ನನಗೂ ನನ್ನ ಹೆಂಡತಿ ಗುಲಾಬಿಗೂ ಬಹಳ ಕಾಲದಿಂದ ತಕರಾರಿದೆ. ಶನಿವಾರ ಸಂಜೆ ಅದು ಪರದೆಯ ಮೇಲೆ ಬಂದ ಕೂಡಲೇ ಅವಳು ಚಾದ ಲೋಟ ಕೆಳಗಿಟ್ಟು, "ಹ್ವಾಯ್, ಕಾಣಿ, ತಗ್ಗು ಸಮಾ ಕಾಣ್ತಾ ಇತ್ತ್" ಎಂದಳು. ತಗ್ಗು ಚೆನ್ನಾಗಿಯೇ ಕಾಣುತ್ತಿದೆ ಅಂತ. ನಾನು ಟಿ.ವಿ.ಯ ದನಿ ಏರಿಸಿದೆ. ಊರೆಲ್ಲ ನೋಡುವ ಹೊತ್ತಿನಲ್ಲಿ ಗಂಡ ಹೆಂಡತಿ ತಗ್ಗಿಗಾಗಿ ಜಗಳಾಡುವುದು ಚಂದವಲ್ಲ.

ಮರುದಿನ ಬೆಳಿಗ್ಗೆ ನನಗೆ ಕಾಲು ನಿಲ್ಲಲಿಲ್ಲ. ಇಲ್ಲಿ ಮುಂಬಯಿ ಪಕ್ಕದ ಠಾಕುರ್ಲಿ ಸ್ಟೇಷನ್ನಿನ ಹೊರಗೆ ತರಕಾರಿ ಮಾರುವ ಮೌಶಿಗೆ ಹೇಳಿದೆ. ಹಾಲಿನವನಿಗೆ ಹೇಳಿದೆ. ಬಿಲ್ಡಿಂಗಿನ ವಾಚ್‌ಮನ್‌ಗೆ ಹೇಳಿದೆ, ಅವನು ಕಲಬುರಗಿಯವನು, "ಚಲೋ ಆತ್ ಬಿಡ್ರಿ ಕಾಕಾ" ಎಂದ. ಮೌಶಿ ಮಾತ್ರ ಮೆಂತೆ ಕಟ್ಟುತ್ತಾ ಕೇಳಿದಳು: "ಫಕ್ತ ಬಾಲ್ದೀ ಆಲೀ? ತುಮ್ಹೀ ನಾಹೀ?" ಬಾಲ್ದಿ ಮಾತ್ರ ಬಂತಾ, ನೀವು ಬರಲಿಲ್ಲವಾ ಅಂತ. ನಾನೂ ಬಂದಿದ್ದೇನೆ, ಆದರೆ ಆ ಕತೆ ಮೆಂತೆ ಕಟ್ಟು ಕೈಯಲ್ಲಿ ಹಿಡಿದು ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಬಕೆಟ್ಟನ್ನು ಟಿ.ವಿ.ಗೆ ಹತ್ತಿಸಿದವಳು ನನ್ನ ಮೊಮ್ಮಗಳು ಮಾನಸಿ. ಬಕೆಟ್ಟು ಬಂದ ಹಿಂದಿ ಧಾರಾವಾಹಿ ಬರೆಯುವವಳು ಅವಳೇ. ಕೊನೆಗೆ ಹೆಸರುಗಳು ಓಡುತ್ತವಲ್ಲ, ಅದರಲ್ಲಿ ಅವಳ ಹೆಸರೂ ಓಡುತ್ತದೆ. ಹಿಂದಿ ಅಕ್ಷರದಲ್ಲಿ. ನಾನು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಿಂದ ಆಚೆ ಹೋದವನಲ್ಲ. ಕನ್ನಡ ಗಟ್ಟಿಯಾದದ್ದು ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವ ಹಳೆ ಪೇಪರು ಓದಿ, ಹಿಂದಿ ಅಕ್ಷರ ಕಲಿತದ್ದು ರೈಲು ಸ್ಟೇಷನ್ನಿನ ಬೋರ್ಡು ಓದಿ. ಬೋರ್ಡು ನಿಂತಿರುತ್ತದೆ, ಗಾಡಿಯೂ ಸ್ವಲ್ಪ ನಿಲ್ಲುತ್ತದೆ. ಟಿ.ವಿ.ಯವರು ನಿಲ್ಲುವುದಿಲ್ಲ. ನಾನು "ಮಾ" ಓದುವಷ್ಟರಲ್ಲಿ "ನಸಿ" ಮೇಲೆ ಹೋಗಿರುತ್ತದೆ. ಆದರೂ ನಾವಿಬ್ಬರೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಲ್ಲುತ್ತೇವೆ.

ಧಾರಾವಾಹಿಯಲ್ಲಿ ಅತ್ತೆಯಿಲ್ಲ, ಸೊಸೆಯಿಲ್ಲ, ಹಾವೂ ಇಲ್ಲ. ನವಿ ಮುಂಬಯಿಯ ಬೇಲಾಪುರದಲ್ಲಿ ಒಂದು ಆಫೀಸು. ಅದಕ್ಕೆ ಪಿ.ಆರ್. ಕಂಪನಿ ಅನ್ನುತ್ತಾರೆ. ನಾನು ಮೊದಲು ಇದು ಪಿ.ಎಫ್.ನ ತಮ್ಮ ಇರಬೇಕು, ನಿವೃತ್ತಿಯಾದ ಮೇಲೆ ಕೈಗೆ ಬರುವಂಥದ್ದು ಎಂದುಕೊಂಡಿದ್ದೆ. ಹಾಗಲ್ಲ. ದೊಡ್ಡವರ ಹೆಸರು ಕೆಡದಂತೆ, ಕೆಟ್ಟರೆ ಕೆಟ್ಟದ್ದು ಕಾಣದಂತೆ ನೋಡಿಕೊಳ್ಳುವ ಕೆಲಸವಂತೆ. ದಿವಾ ಎಂಬ ಊರಿನಲ್ಲಿ ಒಬ್ಬ ಬಿಲ್ಡರ್ ಕಟ್ಟಿದ ಕಟ್ಟಡ ಒಂದು ಕಡೆಗೆ ವಾಲುತ್ತದೆ. ಆಫೀಸಿನವರು ಕೂತು ತಲೆ ಕೆಡಿಸಿಕೊಂಡು, ಕಟ್ಟಡ ವಾಲಿಲ್ಲ, ಊರಿನವರಿಗೆ ತಲೆಬಾಗಿ ನಮಸ್ಕಾರ ಮಾಡುತ್ತಿದೆ ಎಂದು ಪೇಪರಿಗೆ ಬರೆದು ಕಳಿಸುತ್ತಾರೆ. ಅದೇ ಬಿಲ್ಡರಿನ ಇನ್ನೊಂದು ಕಾಲನಿಯಲ್ಲಿ ನಲ್ಲಿಯಲ್ಲಿ ನೀರೇ ಬರುವುದಿಲ್ಲ. ಇವರು, ಇಡೀ ಊರಿನಲ್ಲಿ ಸೋರಿಕೆಯೇ ಇಲ್ಲದ ಏಕೈಕ ಕಾಲನಿ ಎಂದು ಜಾಹೀರಾತು ಕೊಡುತ್ತಾರೆ. ಗುಲಾಬಿ ಇದನ್ನು ನೋಡಿ ಸೆರಗು ಬಾಯಿಗೆ ಒತ್ತಿ ನಕ್ಕದ್ದು ನಕ್ಕದ್ದೇ. ಆಮೇಲೆ ಒಮ್ಮೆಗೇ ನಿಲ್ಲಿಸಿ, "ನಮ್ಗೂ ಬೆಳಿಗ್ಗೆ ನೀರ್ ಬರ್ಲಿಲ್ಲ" ಎಂದಳು.

ನನಗೆ ಪಿ.ಆರ್. ಕಂಪನಿ ಬೇಗ ಅರ್ಥವಾಯಿತು. ಯಾಕೆಂದರೆ ನಾನು ಠಾಣೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಜೀವ ಸವೆಸಿದವನು. ನಮ್ಮ ಧಣಿಗಳಿಗೆ ಒಂದೇ ಒಂದು ಹಟ: ಗಿರಾಕಿಯ ಎದುರು "ಇಲ್ಲ" ಎನ್ನಬಾರದು. ಇಡ್ಲಿ ಖಾಲಿಯೇ? "ಬಿಸಿ ವಡೆ ಈಗಷ್ಟೇ ಇಳಿಯಿತು ಸಾಹೇಬ್." ವಡೆಯೂ ಖಾಲಿಯೇ? "ಇವತ್ತಿನ ಉಪ್ಪಿಟ್ಟು ತಿಂದು ನೋಡಿ, ಆಮೇಲೆ ಹೇಳಿ." ಒಮ್ಮೆ ಉಪ್ಪಿಟ್ಟೂ ತೀರಿತ್ತು. ಗಿರಾಕಿ ಕೆಂಪಗಾಗಿ ಕೂತಿದ್ದ. ನಾನು ಅವನ ಎದುರು ನಿಂತು, ಸಾಹೇಬ್, ನಿಮ್ಮನ್ನು ಹಳಸಲು ತಿನ್ನಿಸಿ ಕಳಿಸಲು ನನಗೆ ಮನಸ್ಸಿಲ್ಲ, ಒಂದು ಕಾಫಿ ಕುಡಿದು ಕೂತಿರಿ, ಹೊಸ ಹಿಟ್ಟು ಅರೆಯುತ್ತಿದ್ದಾರೆ ಎಂದೆ. ಅವನು ಕೂತ. ಆ ಮನುಷ್ಯ ಮುಂದೆ ನಮ್ಮ ಖಾಯಂ ಗಿರಾಕಿಯಾದ. ಇವತ್ತು ಯೋಚಿಸಿದರೆ ಬೇಲಾಪುರದ ಆಫೀಸಿನಲ್ಲಿ ನನಗೂ ಒಂದು ತಿರುಗುವ ಕುರ್ಚಿ ಸಿಗಬೇಕಿತ್ತು ಅನ್ನಿಸುತ್ತದೆ.

ಆದರೆ ನಾವು ಅದನ್ನು ಪಿ.ಆರ್. ಅನ್ನುತ್ತಿರಲಿಲ್ಲ. ನಮ್ಮ ಕುಂದಾಪುರದ ಕಡೆ ಅದಕ್ಕೆ ಬೇರೆ ಮಾತಿದೆ. ಸುಧಾರಿಸುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕತೆಯೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ. ಬೆಂಗಳೂರಿನ ಕಡೆಯವರಿಗೆ ಸುಧಾರಿಸುವುದೆಂದರೆ ಉತ್ತಮವಾಗುವುದು: ರಸ್ತೆ ಸುಧಾರಿಸಿತು, ಜ್ವರ ಸುಧಾರಿಸಿತು. ನಮಗೂ ಅದುಂಟು. ಆದರೆ ನಮ್ಮಲ್ಲಿ ಊಟದ ಮನೆಯಲ್ಲಿ ಬಡಿಸಿ, ಬಂದವರನ್ನು ಕೇಳಿ ನೋಡಿ, ಎಲ್ಲೂ ಎಡವಟ್ಟಾಗದಂತೆ ದಾಟಿಸುವುದೂ ಸುಧಾರಿಸುವುದೇ. ಕಷ್ಟದಲ್ಲಿ ಹೇಗೋ ನಿಭಾಯಿಸಿಕೊಂಡು ಹೋಗುವುದೂ ಸುಧಾರಿಸುವುದೇ.

ನಾನು ಚಿಕ್ಕವನಿದ್ದಾಗ ನಮ್ಮ ಅತ್ತೆಯ ಮದುವೆಯಲ್ಲಿ ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಹೆಚ್ಚು ಜನ ಬಂದುಬಿಟ್ಟರು. ಚಪ್ಪರದಲ್ಲಿ ಎಲೆ ಹಾಕಿ ಆಗಿದೆ, ಒಳಗೆ ಅನ್ನ ಇನ್ನೂ ಒಲೆಯ ಮೇಲೆ. ನಮ್ಮ ದೊಡ್ಡಪ್ಪ ಹೆಗಲ ಮೇಲೆ ಚೌಕವನ್ನು, ಅಂದರೆ ಟವೆಲನ್ನು, ಹಾಕಿಕೊಂಡು ಸಾಲಿನ ನಡುವೆ ನಡೆದರು. ಒಬ್ಬರ ಹತ್ತಿರ ಅವರ ಎಮ್ಮೆ ಕರು ಹಾಕಿತಾ ಎಂದು ಕೇಳಿದರು. ಇನ್ನೊಬ್ಬರ ಹತ್ತಿರ, ನಿಮ್ಮ ಊರಿನ ದೋಣಿಯವ ಈಗಲೂ ಕುಡಿಯುತ್ತಾನಾ ಎಂದು ಕೇಳಿದರು. ನನ್ನ ಕೈಗೆ ಉಪ್ಪಿನಕಾಯಿ ತುಂಬಿದ ಮರದ ಮರಿಗೆ ಕೊಟ್ಟು, ನಿಧಾನ ಬಡಿಸು, ಪ್ರತಿ ಎಲೆಯ ಹತ್ತಿರ ನಿಂತು ಸಾಕಾ ಎಂದು ಕೇಳು ಎಂದರು. ನಾನು ಕೇಳುತ್ತಾ ಹೋದೆ. ಸಾಲು ಮುಗಿಯುವಷ್ಟರಲ್ಲಿ ಅನ್ನ ಬಂತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಕೊನೆಯ ಪಂಕ್ತಿ ಎದ್ದ ಮೇಲೆ ದೊಡ್ಡಪ್ಪ ಅಡಿಗೆಮನೆಯ ಮೂಲೆಯಲ್ಲಿ ಕೂತು ಮಜ್ಜಿಗೆಯಲ್ಲಿ ಕಲಸಿದ ಒಂದು ಹಿಡಿ ಅನ್ನ ಉಂಡರು. ಅವರ ಪಾಲಿಗೆ ಪಾಯಸ ಉಳಿದಿರಲಿಲ್ಲ. ಟಿ.ವಿ.ಯ ಬೇಲಾಪುರದ ಆಫೀಸಿನವರು ಎಷ್ಟೇ ಜಾಣರಿರಲಿ, ಪಾಯಸ ಮೊದಲು ಅವರಿಗೇ ಬರುತ್ತದೆ. ಇದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಇನ್ನು ಮಾನಸಿಯ ವಿಷಯ. ಅವಳು ನನ್ನ ಮಗ ವಿಠಲನ ಒಬ್ಬಳೇ ಮಗಳು. ಅವನೂ ಸೊಸೆಯೂ ಕಲ್ಯಾಣದಿಂದ ಕೆಲಸಕ್ಕೆ ಹೋಗುತ್ತಿದ್ದುದರಿಂದ ಹುಡುಗಿ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮಲ್ಲಿಯೇ ಇರುತ್ತಿದ್ದಳು. ಈ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಸೌಟು ಹಿಡಿದು, ನಮ್ಮನ್ನು ಸಾಲಾಗಿ ಕೂರಿಸಿ ಸಾಂಬಾರು ಬಡಿಸುವ ಆಟ ಆಡುತ್ತಿದ್ದಳು. ನಾವು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರಿಸುವುದು. ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅಜ್ಜಯ್ಯ, ಅಮ್ಮಮ್ಮ ಈ ಎರಡು ಮಾತು ಬಿಟ್ಟರೆ ಕನ್ನಡ ಇಲ್ಲ. ಇಲ್ಲಿಯ ಮಕ್ಕಳೆಲ್ಲ ಹಾಗೆಯೇ, ಅದಕ್ಕೆ ನಾವು ಬೇಜಾರು ಮಾಡಿಕೊಂಡವರಲ್ಲ. ಎಲ್ಲ ಅರ್ಥವಾಗುತ್ತದೆ ಎಂದುಕೊಂಡದ್ದು ಮಾತ್ರ ಪೂರ್ತಿ ನಿಜವಾಗಿರಲಿಲ್ಲ.

ಓದು ಮುಗಿಸಿ ಅವಳು ನವಿ ಮುಂಬಯಿಯಲ್ಲಿ ನಿಜವಾದ ಒಂದು ಪಿ.ಆರ್. ಕಂಪನಿಗೆ ಸೇರಿದಳು. ಏರೋಲಿಯಲ್ಲಿ ಗೆಳತಿಯರ ಜೊತೆ ರೂಮು. ವಿಠಲ ಹೋದಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ. ಒಂದು ದಿನ ಅವಳಿಗೆ, ನೀರಿಲ್ಲದ ಬಿಲ್ಡಿಂಗನ್ನು ಹೊಗಳಿ ಬರೆ ಅಂದರಂತೆ. ಅವಳು ಬರೆಯಲಾರದೆ ಎದ್ದು ಬಂದಳು. ಬಂದವಳು, ಇದನ್ನೇ ನಗೆಯ ಧಾರಾವಾಹಿ ಮಾಡುತ್ತೇನೆ ಅಂದಳು. ವಿಠಲನಿಗೆ ಸಿಟ್ಟು ನೆತ್ತಿಗೇರಿತು. ಒಳ್ಳೆಯ ಕೆಲಸ ಬಿಟ್ಟು ನಾಟಕ ಬರೆಯುವವಳು ಮನೆಗೆ ಬರುವುದೇ ಬೇಡ ಎಂಬಲ್ಲಿಯವರೆಗೆ ಮಾತು ಹೋಯಿತು.

ಆ ಸಂಜೆ ಅವಳು ನನಗೆ ಫೋನು ಮಾಡಿದಳು. ನಾನು ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಜನರ ನಡುವೆ ಸಿಕ್ಕಿಕೊಂಡಿದ್ದೆ. ಕೆಳಗೆ ಫಾಸ್ಟ್ ಲೋಕಲ್ ಬರುತ್ತಿತ್ತು, ಮೇಲೆ ಅನೌನ್ಸ್‌ಮೆಂಟು. ಅವಳು ಅಳುತ್ತಿದ್ದಳು. ಎಲ್ಲರೂ ಬೈದರು ಅಜ್ಜಯ್ಯ, ಈಗ ನಾನೇನು ಮಾಡಲಿ ಎಂದು ಹಿಂದಿಯಲ್ಲಿ ಕೇಳಿದಳು. ನನಗೆ ದೊಡ್ಡ ದೊಡ್ಡ ಮಾತು ಬರುವುದಿಲ್ಲ. ಆ ಗಲಾಟೆಯಲ್ಲಿ ಗಂಟಲು ಎತ್ತರಿಸಿ ನನಗೆ ಗೊತ್ತಿದ್ದ ಒಂದೇ ಮಾತು ಹೇಳಿದೆ:

"ಸುಧಾರ್ಸು ಮಗಾ. ಸ್ವಲ್ಪ ಸುಧಾರ್ಸು."

ಆಮೇಲೆ ಫೋನು ಕಟ್ಟಾಯಿತು. ಬ್ರಿಜ್ಜಿನ ಮೇಲೆ ಸಿಗ್ನಲ್ಲು ಸಿಗುವುದಿಲ್ಲ ಎಂದುಕೊಂಡು ನಾನು ಗಾಡಿ ಹತ್ತಿದೆ. ಒಳ್ಳೆಯ ಮಾತು ಹೇಳಿದೆ ಎಂಬ ಸಮಾಧಾನ ಬೇರೆ.

ಆಮೇಲೆ ಹುಡುಗಿ ನಮ್ಮಲ್ಲಿಗೆ ಬರುವುದನ್ನು ಬಿಟ್ಟಳು. ಫೋನು ಮಾಡಿದರೆ ಶೂಟಿಂಗ್ ಇದೆ ಅನ್ನುವುದು. ಚೌತಿಗೆ ಗುಲಾಬಿ ಅವಳಿಗೆಂದು ಹಲಸಿನೆಲೆಯ ಕೊಟ್ಟೆ ಕಡುಬು ಮಾಡಿ ಡಬ್ಬಿಯಲ್ಲಿ ತೆಗೆದಿಟ್ಟಳು. ಬರಲಿಲ್ಲ. ಅಪ್ಪನ ಮೇಲಿನ ಸಿಟ್ಟು ನಮ್ಮ ಮೇಲೆ ಯಾಕೆ ಎಂದು ನಮಗೆ ತಿಳಿಯಲಿಲ್ಲ. ವಿಠಲ ಬೈದ, ಸರಿ. ನಾನು ಅವಳ ಪರವಾಗಿ ಮಾತಾಡಿದವನಲ್ಲವೇ? ಗುಲಾಬಿ ಕಡುಬು ಬಿಚ್ಚಿ ನನ್ನ ತಟ್ಟೆಗೆ ಹಾಕಿದಳು.

ಧಾರಾವಾಹಿ ಶುರುವಾದದ್ದು ಅದಾದ ಮೇಲೆ. ಸೊಸೆ ಗುಟ್ಟಾಗಿ ಫೋನು ಮಾಡಿ ಚಾನೆಲ್ಲು ಹೇಳಿದಳು. ನಾವಿಬ್ಬರೂ ಊದಿನಕಡ್ಡಿ ಹಚ್ಚಿಟ್ಟು ಕೂತೆವು. ಬೇಲಾಪುರದ ಆಫೀಸು ಬಂತು, ಬಿಲ್ಡರ್ ಬಂದ, ನಕ್ಕೆವು. ಆಮೇಲೆ ಕ್ಯಾಂಟೀನಿನ ಒಬ್ಬ ಮುದುಕ ಬಂದ. ಲುಂಗಿ ಎತ್ತಿ ಕಟ್ಟಿದ್ದಾನೆ, ಎಡ ಹೆಗಲ ಮೇಲೆ ಚೌಕ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದೆ. ಆಫೀಸಿನ ಹುಡುಗಿ ಅವನ ಹತ್ತಿರ ಏನೋ ಕಷ್ಟ ಹೇಳಿಕೊಳ್ಳುತ್ತಾಳೆ. ಮುದುಕ ಬೆರಳೆತ್ತಿ ಗದರಿಸುತ್ತಾನೆ: "ಸುಧಾರ್ಸು!" ಹಿಂದಿನಿಂದ ಜನ ನಗುವ ಸದ್ದು. ಮ್ಯಾನೇಜರು ಬಂದರೂ "ಸುಧಾರ್ಸು!" ಫೋನಿನಲ್ಲಿ ಯಾರೋ ಮಂತ್ರಿ ಮಾತಾಡಿದರೂ ಮುದುಕ ಕಸಿದುಕೊಂಡು "ಸುಧಾರ್ಸು!" ಮತ್ತೆ ನಗು.

ನಾನೂ ನಕ್ಕೆ. ನಮ್ಮ ಕಡೆಯ ಮಾತು ಟಿ.ವಿ.ಯಲ್ಲಿ ಬಂತಲ್ಲ ಎಂಬ ಸಂತೋಷಕ್ಕೆ ತೊಡೆ ತಟ್ಟಿಯೇ ನಕ್ಕೆ. ಗುಲಾಬಿ ನಗಲಿಲ್ಲ. ಪರದೆಯನ್ನೊಮ್ಮೆ ನೋಡಿದಳು, ನನ್ನ ಕನ್ನಡಕದ ದಾರವನ್ನೊಮ್ಮೆ ನೋಡಿದಳು. "ಹ್ವಾಯ್," ಎಂದಳು, "ಅದ್ ನೀವೇ ಅಲ್ದಾ?"

ಆಗ ನನಗೆ ಪರದೆಯ ಕೆಳಗೆ ಮೂಡುವ ಅಕ್ಷರ ಕಂಡಿತು. ಮುದುಕ ಕನ್ನಡದಲ್ಲಿ ಆಡಿದ್ದಕ್ಕೆ ಹಿಂದಿಯಲ್ಲಿ ಅರ್ಥ ಬರೆಯುತ್ತಿದ್ದರು. ಅವನು ಅದೊಂದೇ ಮಾತು ಮತ್ತೆ ಮತ್ತೆ ಹೇಳುತ್ತಿದ್ದುದರಿಂದ ಈ ಸಲ ನನಗೆ ಪೂರ್ತಿ ಓದಲು ಪುರಸೊತ್ತು ಸಿಕ್ಕಿತು. ಸು-ಧ-ರ್ ಜಾ-ವೋ. ಸುಧರ್ ಜಾವೋ. ಹಿಂದಿಯಲ್ಲಿ ಅದೇನೆಂದು ನನಗೆ ಯಾರೂ ಹೇಳಬೇಕಿಲ್ಲ. ದಾರಿ ತಪ್ಪಿದವರಿಗೆ, ಕುಡಿದು ಬಂದವರಿಗೆ, ಪರೀಕ್ಷೆಯಲ್ಲಿ ನಪಾಸಾದವರಿಗೆ ಹೇಳುವ ಮಾತು. ಇನ್ನಾದರೂ ಬುದ್ಧಿ ಕಲಿ ಅಂತ. ಬ್ರಿಜ್ಜಿನ ಮೇಲೆ ನಾನು ಕನ್ನಡದಲ್ಲಿ ಕೂಗಿದ್ದೆ, ಅಳುತ್ತಿದ್ದ ಹುಡುಗಿ ಅದನ್ನು ಹಿಂದಿಯಲ್ಲಿ ಕೇಳಿಸಿಕೊಂಡಿದ್ದಳು. ಎಲ್ಲರೂ ಬೈದರು ಎಂದು ಹೇಳಿಕೊಳ್ಳಲು ಫೋನು ಮಾಡಿದರೆ, ಅಜ್ಜಯ್ಯನೂ ಬೈದ.

ಟಿ.ವಿ. ಓಡುತ್ತಲೇ ಇತ್ತು. ಮುದುಕ ಬೆರಳೆತ್ತಿದಾಗಲೆಲ್ಲ ಜನ ನಗುತ್ತಿದ್ದರು. ಒಂದು ಮಾತು ಬಾಯಿಂದ ಹೊರಟು ಕಿವಿಗೆ ಹೋಗುವಷ್ಟು ದಾರಿಯಲ್ಲಿ, ಡೊಂಬಿವಲಿಯಿಂದ ಏರೋಲಿಯಷ್ಟು ದೂರದಲ್ಲಿ, ಹೀಗೆ ವೇಷ ಬದಲಿಸಬಹುದೇ ಎಂದು ನನಗೆ ಆಶ್ಚರ್ಯವಾಯಿತು. ಗಿರಾಕಿಗಳನ್ನು ಮಾತಿನಲ್ಲೇ ಸಮಾಧಾನ ಮಾಡಿ ಬದುಕಿದವನು ನಾನು. ಮೊಮ್ಮಗಳ ಹತ್ತಿರ ಒಂದು ಮಾತು ಸರಿಯಾಗಿ ಮುಟ್ಟಲಿಲ್ಲ.

ಫೋನಿನಲ್ಲಿ ವಿವರಿಸಬಹುದಿತ್ತು. ನಾನು ಎರಡು ಸಲ ಫೋನು ಎತ್ತಿ ಇಟ್ಟೆ. ನಾನು ಅಂದದ್ದಕ್ಕೆ ಅರ್ಥ ಅದಲ್ಲ ಇದು ಎಂದರೆ, ಬೇಲಾಪುರದ ಆಫೀಸಿನವರೂ ಅದನ್ನೇ ಹೇಳುತ್ತಾರಲ್ಲ, ಕಟ್ಟಡ ವಾಲಿದ್ದಲ್ಲ, ನಮಸ್ಕಾರ ಮಾಡಿದ್ದು ಅಂತ. ಅಂಥದ್ದನ್ನೇ ಬೇಡವೆಂದು ಕೆಲಸ ಬಿಟ್ಟ ಹುಡುಗಿ ನಂಬುವುದು ಹೇಗೆ?

ಗುಲಾಬಿ ನನ್ನಷ್ಟು ಯೋಚಿಸುವವಳಲ್ಲ. ಡೊಂಬಿವಲಿಯಲ್ಲಿ ನಮ್ಮ ಊರಿನವರು ಸೇರಿ ಒಂದು ಬಾಡಿಗೆ ಹಾಲ್‌ನಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಇವಳು ಮಾನಸಿಗೆ ಫೋನು ಮಾಡಿ, ನನಗೆ ಮೊಣಕಾಲು ನೋವು, ನೀನು ಬಂದು ಕೈ ಹಿಡಿಯದಿದ್ದರೆ ಮೆಟ್ಟಿಲು ಹತ್ತಲಾರೆ ಎಂದಳು. ಆ ಹಾಲ್‌ಗೆ ಮೆಟ್ಟಿಲೇ ಇಲ್ಲ. ಹುಡುಗಿ ಬಂದು ನೋಡಿದಾಗ ಅಮ್ಮಮ್ಮ ಎಲ್ಲರಿಗಿಂತ ಮುಂದೆ ನಿಂತು ಮಂಗಳಾರತಿ ಹಾಡುತ್ತಿದ್ದಳು. ಮೊಣಕಾಲಿನ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

ಮಾನಸಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ. ನಾನು ಮನೆಯಿಂದ ಒಯ್ದ ನಮ್ಮ ಬಕೆಟ್ಟಿನಲ್ಲಿ ಸಾಂಬಾರು ಬಡಿಸುತ್ತಿದ್ದೆ. ಇಂಥ ಕಡೆ ಹೋದರೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಎಂದಿನಂತೆ ಜನ ಹೆಚ್ಚಾದರು, ಬಡಿಸುವವರು ಸಾಲಲಿಲ್ಲ. ಅಡಿಗೆಯ ಉಸ್ತುವಾರಿ ನೋಡುತ್ತಿದ್ದ ನಮ್ಮ ಊರಿನ ಶೀನ ಒಳಗಿನಿಂದ ಹಾಲ್‌ಗೆಲ್ಲ ಕೇಳುವಂತೆ ನನ್ನ ಕಡೆ ಕೂಗಿದ:

"ಅಣ್ಣಯ್ಯ, ಆ ಹೆಂಗಸ್ರ ಸಾಲ್ ಸ್ವಲ್ಪ ನೀವ್ ಸುಧಾರ್ಸಿ ಕಾಂಬ!"

ಮಾನಸಿ ತಲೆಯೆತ್ತಿದಳು. ನೇರ ನನ್ನ ಹತ್ತಿರ ಬಂದಳು. ಕಣ್ಣಿನಲ್ಲಿ ಕಿಡಿ. "ಅಜ್ಜಯ್ಯ, ಸಬ್‌ಕೆ ಸಾಮ್ನೆ ಆಪ್‌ಕೋ ಕ್ಯೂಂ ಡಾಂಟಾ?" ಎಲ್ಲರ ಎದುರು ನಿಮಗೆ ಯಾಕೆ ಬೈದರು ಅಂತ. ಅವಳು ಶೀನನ ಹತ್ತಿರ ಜಗಳಕ್ಕೇ ಹೊರಟಿದ್ದಳು. ನಾನು ಬಕೆಟ್ಟು ಕೆಳಗಿಟ್ಟು ಅವಳ ಕೈ ಹಿಡಿದೆ.

"ಬೈದದ್ದಲ್ಲ ಮಗಾ. ನೀವಿದ್ರೆ ಆ ಸಾಲು ಎಡವಟ್ಟಾಗುದಿಲ್ಲ ಅಂದದ್ದ್."

ಅವಳು ಶೀನನನ್ನು ನೋಡಿದಳು. ಅವನು ನನಗೆ ಕೈ ಮುಗಿದು, ಇನ್ನೊಂದು ಪಾತ್ರೆ ಸಾಂಬಾರು ತೋರಿಸುತ್ತಿದ್ದ. ಸಾಲಿನಲ್ಲಿದ್ದ ಒಬ್ಬ ಮುದುಕಿ ತನ್ನ ಮೊಮ್ಮಗಳಿಗೆ, ಮನೆಯಲ್ಲಿ ಒಬ್ಬಳೇ ಹೇಗೆ ಸುಧಾರಿಸುತ್ತೀ ಮಗಾ ಎಂದು ಪ್ರೀತಿಯಿಂದ ಕೇಳುತ್ತಿದ್ದಳು. ಮಾನಸಿ ಅದನ್ನೂ ಕೇಳಿಸಿಕೊಂಡಳು. ನನ್ನ ಕೈಯಲ್ಲಿದ್ದ ಅವಳ ಕೈ ಸಡಿಲಾಯಿತು.

"ಔರ್ ಉಸ್ ದಿನ್?" ಎಂದಳು. ಮತ್ತೆ ಆ ದಿನ? ಫೋನಿನಲ್ಲಿ?

"ಅದೂ ಇದೇ ಮಾತ್" ಎಂದೆ. "ಬೇರೆ ಮಾತು ನಂಗೆ ಬರುದಿಲ್ಲ."

ಅವಳು ಮೂಗು ಒರೆಸಿಕೊಂಡು, ಬಗ್ಗಿ ಬಕೆಟ್ಟು ಎತ್ತಿದಳು. ಹೆಂಗಸರ ಸಾಲಿನಲ್ಲಿ ಪ್ರತಿ ಎಲೆಯ ಹತ್ತಿರ ನಿಂತು, ಚಿಕ್ಕಂದಿನ ಆಟದಲ್ಲಿ ನಮ್ಮನ್ನು ಕೇಳುತ್ತಿದ್ದ ಹಾಗೆಯೇ ಕೇಳುತ್ತಾ ಬಡಿಸಿದಳು. ಹಿಂದಿಯಲ್ಲಿಯೇ ಕೇಳಿದಳು, ಯಾರಿಗೂ ಅಡ್ಡಿಯಾಗಲಿಲ್ಲ. ಒಬ್ಬರ ಸೀರೆಯ ಮೇಲೆ ಸಾಂಬಾರು ಚೆಲ್ಲಿದಳು, ಅದನ್ನು ನಾನು ಹೋಗಿ ಸಮಾಧಾನ ಮಾಡಿದೆ. ಕೊನೆಯಲ್ಲಿ ನಾವಿಬ್ಬರೂ ಅಡಿಗೆಮನೆಯ ಮೂಲೆಯಲ್ಲಿ ಕೂತು ಉಂಡೆವು. ಪಾಯಸ ಮುಗಿದಿತ್ತು. ನಾನು ದೊಡ್ಡಪ್ಪನ ಮಜ್ಜಿಗೆ ಅನ್ನದ ಕತೆ ಹೇಳಿದೆ. ಅವಳು ಮಜ್ಜಿಗೆ ಸುರಿದುಕೊಂಡು ಕೇಳಿದಳು. ಹೋಗುವಾಗ, ಈ ಬಕೆಟ್ಟು ನನಗೆ ಬೇಕು ಎಂದು ಕೈಯಲ್ಲಿ ತೂಗಾಡಿಸಿಕೊಂಡೇ ಲೋಕಲ್ ಹತ್ತಿದಳು.

ಕಳೆದ ಶನಿವಾರ ನೋಡಿದ್ದು ಆ ಬಕೆಟ್ಟನ್ನು. ವಿಠಲನೂ ಸೊಸೆಯೂ ನಮ್ಮಲ್ಲಿಗೇ ಬಂದಿದ್ದರು. ವಿಠಲ ಪೇಪರು ಅಡ್ಡ ಹಿಡಿದು ಓದುವವನಂತೆ ಕೂತಿದ್ದ, ಪೇಪರು ಮಾತ್ರ ನಗುವಿಗೆ ಅಲುಗಾಡುತ್ತಿತ್ತು. ಬಿಲ್ಡರ್ ಓಡಿಹೋಗಿದ್ದಾನೆ. ಬೇಲಾಪುರದ ಆಫೀಸಿನ ಹೊರಗೆ ನೀರಿಲ್ಲದ ಜನ ಕೊಡ ಹಿಡಿದು ನಿಂತಿದ್ದಾರೆ. ಮ್ಯಾನೇಜರು ಹಿಂದಿನ ಬಾಗಿಲಿನಿಂದ ಜಾಗ ಖಾಲಿ ಮಾಡಿದ. ಆಫೀಸಿನ ಹುಡುಗಿ ಒಬ್ಬಳೇ, ಇಷ್ಟು ದಿನ ತಾನು ಬರೆದ ಸುಳ್ಳುಗಳ ನಡುವೆ ನಿಂತು ಅಳುತ್ತಿದ್ದಾಳೆ. ಆಗ ಕ್ಯಾಂಟೀನಿನ ಮುದುಕ ಬಂದ. ನಮ್ಮ ಬಕೆಟ್ಟಿನ ತುಂಬ ನೀರು. ಅದನ್ನು ಅವಳ ಕೈಗೆ ಕೊಟ್ಟ, ಹೊರಗಿನ ಸಾಲು ತೋರಿಸಿದ. ಈ ಸಲ ಬೆರಳೆತ್ತಲಿಲ್ಲ. ಮೆಲ್ಲಗೆ ಹೇಳಿದ:

"ಸುಧಾರ್ಸು ಮಗಾ."

ಹಿಂದಿನಿಂದ ನಗುವಿನ ಸದ್ದು ಬರಲಿಲ್ಲ. ನಾನು ಕನ್ನಡಕ ಸರಿ ಮಾಡಿಕೊಂಡು ಪರದೆಯ ಕೆಳಗೆ ನೋಡಿದೆ. ಕಾದೆ. ಅಲ್ಲಿ ಏನೂ ಬರೆದಿರಲಿಲ್ಲ.

ಹೆಸರುಗಳು ಓಡಿ ಮುಗಿಯುವ ಮೊದಲೇ ನಾನು ಫೋನು ಹಚ್ಚಿದೆ. ಗುಲಾಬಿ ಕಿವಿ ತಾಗಿಸಿಕೊಂಡು ನಿಂತಳು. ವಿಠಲ ಪೇಪರು ಇಳಿಸಿದ. ಎಲ್ಲ ಒಳ್ಳೆಯದಾಯಿತು ಮಗಾ, ಆದರೆ ಕೊನೆಗೆ ಮುದುಕನ ಮಾತಿನ ಕೆಳಗೆ ಅರ್ಥ ಬರೆಯಲಿಕ್ಕೆ ಮರೆತರಾ ಎಂದು ಕೇಳಿದೆ.

ಬ್ರಿಜ್ಜಿನ ಮೇಲಿನ ಹಾಗೆ ಮತ್ತೆ ಫೋನು ಕಟ್ಟಾಯಿತೇ ಎಂದು ಕಿವಿಯಿಂದ ತೆಗೆದು ನೋಡಿದೆ. ಆಮೇಲೆ ಅವಳ ದನಿ, ಒಂದೊಂದೇ ಮಾತನ್ನು ಹುಡುಕಿ ಎತ್ತಿಡುವ ಹಾಗೆ:

"ಮರ್ತದ್ದಲ್ಲ ಅಜ್ಜಯ್ಯ. ಹಿಂದಿಯಲ್ಲಿ ಶಬ್ದ ಸಿಕ್ಲಿಲ್ಲ." ಮತ್ತೊಂದು ಉಸಿರು. "ನಾನ್... ಸುಧಾರ್ಸ್ದೆ."